ಹವ್ಯಾಸಿ ಸಿಎನ್‌ಸಿ ಯಂತ್ರಗಳಲ್ಲಿ ಮಿತಿ ಸ್ವಿಚ್ ಹಾಗೂ ತುರ್ತು ನಿಲುಗಡೆ ವ್ಯವಸ್ಥೆಯ ಅಳವಡಿಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಗಣಕಯಂತ್ರದ ಆದೇಶದಂತೆ ಮರ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮುಂತಾದ ವಸ್ತುಗಳನ್ನು ಕೊರೆಯುವ ಮತ್ತು ಕೆತ್ತುವ ಸಿಎನ್‌ಸಿ ಯಂತ್ರಗಳು ಹಿಂದೆ ಕಾರ್ಖಾನೆಗಳಲ್ಲಿ ಹಾಗೂ ತಾಂತ್ರಿಕ ತರಬೇತಿ ಸಂಸ್ಥೆಗಳಲ್ಲಿ ಮಾತ್ರ ಕಂಡುಬರುತ್ತಿದ್ದವು. ಇಂದು ವಿದ್ಯಾರ್ಥಿಗಳು, ಹವ್ಯಾಸಿಗಳು ಮತ್ತು ಸಣ್ಣ ಕುಶಲಕರ್ಮಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಿಂದ ಅಥವಾ ಅಂತರಜಾಲದ ಮೂಲಕ ಬಿಡಿಭಾಗಗಳನ್ನು ಪಡೆದು, ತಮ್ಮ ಮನೆಯ ಕೋಣೆಯಲ್ಲಿಯೇ ಇಂತಹ ಯಂತ್ರಗಳನ್ನು ಜೋಡಿಸಿಕೊಳ್ಳುತ್ತಿದ್ದಾರೆ. ಇದು ಸ್ವಾಗತಾರ್ಹ ಬೆಳವಣಿಗೆಯಾಗಿರುತ್ತದೆ.

ಆದರೆ ಈ ಯಂತ್ರಗಳ ಜೋಡಣೆಯಲ್ಲಿ ಸುರಕ್ಷತಾ ಸಾಧನಗಳು ಬಹುಮಟ್ಟಿಗೆ ಕೊನೆಯ ಸ್ಥಾನವನ್ನು ಪಡೆಯುತ್ತವೆ. ಕಡಿಮೆ ಬೆಲೆಯ ಅನೇಕ ಕಿಟ್‌ಗಳಲ್ಲಿ ಮಿತಿ ಸ್ವಿಚ್‌ಗಳು ಇರುವುದೇ ಇಲ್ಲ. ತುರ್ತು ನಿಲುಗಡೆ ಗುಂಡಿ ಇದ್ದರೂ ಅದು ಯಾವುದನ್ನು ನಿಲ್ಲಿಸುತ್ತದೆ ಎಂಬುದು ಬಳಕೆದಾರರಿಗೆ ತಿಳಿದಿರುವುದಿಲ್ಲ. ಪ್ರತಿಯೊಂದು ಕಾರ್ಯಕೊಠಡಿಯಲ್ಲಿ, ಚಾಲನೆಯಲ್ಲಿರುವ ಯಂತ್ರಗಳಿಗೆ ತುರ್ತು ಸಂದರ್ಭದಲ್ಲಿ ಶಕ್ತಿ ಪೂರೈಕೆಯನ್ನು ಕಡಿತಗೊಳಿಸುವ ಸೂಕ್ತ ಸಾಧನಗಳಿರತಕ್ಕದ್ದೆಂದು 1948ರ ಕಾರ್ಖಾನೆಗಳ ಅಧಿನಿಯಮದ 24ನೇ ಪ್ರಕರಣದಲ್ಲಿಯೇ ವಿಧಿಸಲಾಗಿತ್ತು. ಮನೆಯ ಕೋಣೆಯೊಳಗೆ ಯಾವ ಪರಿವೀಕ್ಷಕರೂ ಬರುವುದಿಲ್ಲ. ಅಲ್ಲಿ ಯಂತ್ರವನ್ನು ಜೋಡಿಸಿದವರೇ ಅದರ ತಯಾರಕರೂ, ಬಳಕೆದಾರರೂ, ಪರಿವೀಕ್ಷಕರೂ ಆಗಿರುತ್ತಾರೆ.

ಈ ಹಿನ್ನೆಲೆಯಲ್ಲಿ ಸದರಿ ಸಾಧನಗಳ ಆಯ್ಕೆ, ಜೋಡಣೆ ಮತ್ತು ಪರೀಕ್ಷೆಯ ಕುರಿತು ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಮುಂದಿನ ಎಲ್ಲ ವಿವರಣೆಗೂ ಆಧಾರವಾಗಿರುವ ತತ್ವಗಳು ಎರಡು:

(ಅ) ಸುರಕ್ಷತಾ ಮಂಡಲದ ತಂತಿ ತುಂಡಾದಲ್ಲಿ ಯಂತ್ರವು ನಿಲ್ಲಬೇಕು.
(ಆ) ತಂತ್ರಾಂಶವು ಸ್ಥಗಿತಗೊಂಡಿದ್ದರೂ ತುರ್ತು ಗುಂಡಿಯನ್ನು ಒತ್ತಿದೊಡನೆ ಯಂತ್ರವು ನಿಲ್ಲಬೇಕು.

2. ಅಪಾಯದ ಸ್ವರೂಪ

ಹವ್ಯಾಸಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ಪರ್ ಮೋಟಾರುಗಳನ್ನು ಬಳಸಲಾಗುತ್ತದೆ. ಬಹುತೇಕ ಸ್ಟೆಪ್ಪರ್ ಮೋಟಾರುಗಳು ಒಂದು ಸುತ್ತಿಗೆ 200 ಹೆಜ್ಜೆಗಳನ್ನು ಇಡುತ್ತವೆ. ಪ್ರತಿ ಹೆಜ್ಜೆಯನ್ನು 16 ಭಾಗಗಳಾಗಿ ವಿಭಜಿಸಿದಾಗ ಒಂದು ಸುತ್ತಿಗೆ 3200 ಪಲ್ಸ್‌ಗಳು ಬೇಕಾಗುತ್ತವೆ. ಒಂದು ಸುತ್ತಿಗೆ 8 ಮಿ.ಮೀ. ಮುನ್ನಡೆಯುವ ಸ್ಕ್ರೂ ಇದ್ದಲ್ಲಿ, 1 ಮಿ.ಮೀ. ಚಲನೆಗೆ 400 ಪಲ್ಸ್‌ಗಳಾಗುತ್ತವೆ. ನಿಯಂತ್ರಕವು ತಾನು ಕಳುಹಿಸಿದ ಪಲ್ಸ್‌ಗಳನ್ನು ಎಣಿಸುತ್ತದೆಯೇ ಹೊರತು ಯಂತ್ರವು ನಿಜವಾಗಿ ಚಲಿಸಿತೇ ಎಂಬುದನ್ನು ಅರಿಯುವುದಿಲ್ಲ. ಚಲಿಸುವ ಭಾಗವು ಚೌಕಟ್ಟಿನ ತುದಿಗೆ ತಾಗಿ ಸಿಲುಕಿಕೊಂಡರೂ ಅದು ಪಲ್ಸ್‌ಗಳನ್ನು ಕಳುಹಿಸುತ್ತಲೇ ಇರುತ್ತದೆ. ಪರದೆಯ ಮೇಲೆ ಕಾಣುವ ಸ್ಥಾನವೇ ಒಂದು, ಯಂತ್ರದ ನಿಜವಾದ ಸ್ಥಾನವೇ ಇನ್ನೊಂದು ಆಗುತ್ತದೆ. ಅದರ ನಂತರದ ಪ್ರತಿಯೊಂದು ಚಲನೆಯೂ ತಪ್ಪು ಜಾಗದಲ್ಲಿ ನಡೆಯುತ್ತದೆ. ಬಿಟ್ ಮುರಿಯಬಹುದು, ಮರದ ತುಂಡು ಹಿಡಿತದಿಂದ ಕಿತ್ತು ಬರಬಹುದು, ಬಿಟ್ಟು ಹಿಡಿಕೆಗಳಿಗೇ ತಾಗಬಹುದು.

ಯಂತ್ರವು ಚಿಕ್ಕದೆಂಬ ಕಾರಣಕ್ಕೆ ಅದರ ಬಲವನ್ನು ಕಡೆಗಣಿಸಲಾಗದು. 0.4 ನ್ಯೂಟನ್ ಮೀಟರ್ ಟಾರ್ಕ್ ಉಳ್ಳ ಅಂಗೈಯಗಲದ ಮೋಟಾರು ಮೇಲ್ಕಂಡ 8 ಮಿ.ಮೀ. ಸ್ಕ್ರೂವನ್ನು ತಿರುಗಿಸುವಾಗ, ಅರ್ಧದಷ್ಟು ಶಕ್ತಿಯು ಘರ್ಷಣೆಯಲ್ಲಿ ನಷ್ಟವಾಯಿತೆಂದು ಭಾವಿಸಿದರೂ ಸುಮಾರು 150 ನ್ಯೂಟನ್ ನೂಕುಬಲ ದೊರೆಯುತ್ತದೆ. ಇದು 15 ಕಿಲೋಗ್ರಾಂ ತೂಕವನ್ನು ಬೆರಳಿನ ಮೇಲೆ ಹೇರಿದಂತಾಗುತ್ತದೆ. ಇನ್ನು, ಸ್ಪಿಂಡಲ್ ಆಗಿ ಬಳಸಲಾಗುವ ಕೈ ಟ್ರಿಮ್ಮರ್ ನಿಮಿಷಕ್ಕೆ 30,000 ಸುತ್ತು ತಿರುಗುತ್ತಿದ್ದಲ್ಲಿ, 6 ಮಿ.ಮೀ. ವ್ಯಾಸದ ಬಿಟ್ಟಿನ ಅಂಚು ಸೆಕೆಂಡಿಗೆ 9 ಮೀಟರಿಗಿಂತ ಹೆಚ್ಚು ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 34 ಕಿ.ಮೀ. ವೇಗದಲ್ಲಿ ಚಲಿಸುತ್ತಿರುತ್ತದೆ. ಕೈ ಹಿಂತೆಗೆದುಕೊಳ್ಳುವಷ್ಟು ಸಮಯ ಅಲ್ಲಿ ದೊರೆಯುವುದಿಲ್ಲ.

3. ಎರಡು ಸಾಧನಗಳು, ಎರಡು ಕರ್ತವ್ಯಗಳು

ಮಿತಿ ಸ್ವಿಚ್ ಮತ್ತು ತುರ್ತು ನಿಲುಗಡೆ ಗುಂಡಿ ಒಂದಕ್ಕೊಂದು ಬದಲಿಯಲ್ಲ.

ಮಿತಿ ಸ್ವಿಚ್: ಇದು ಪ್ರತಿ ಅಕ್ಷದ ಚಲನೆಯ ತುದಿಯಲ್ಲಿರುತ್ತದೆ. ಚಲಿಸುವ ಭಾಗವು ತನ್ನ ಎಲ್ಲೆಯನ್ನು ಮುಟ್ಟಿದಾಗ ನಿಯಂತ್ರಕಕ್ಕೆ ಸೂಚನೆ ನೀಡುತ್ತದೆ. ಇದೇ ಸ್ವಿಚ್ ಅನ್ನು ಯಂತ್ರದ ಮೂಲಸ್ಥಾನವನ್ನು ಗುರುತಿಸುವ ಹೋಮಿಂಗ್ ಕಾರ್ಯಕ್ಕೂ ಬಳಸಲಾಗುತ್ತದೆ. ಇದು ಮುಖ್ಯವಾಗಿ ಯಂತ್ರವನ್ನು ರಕ್ಷಿಸುತ್ತದೆ.

ತುರ್ತು ನಿಲುಗಡೆ ಗುಂಡಿ: ಇದನ್ನು ಮನುಷ್ಯನು ಒತ್ತುತ್ತಾನೆ. ಯಂತ್ರವು ತನ್ನ ಎಲ್ಲೆಯೊಳಗೇ ಇದ್ದು, ನಿಯಂತ್ರಕದ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿದ್ದರೂ ಕೈ, ಬಟ್ಟೆ ಅಥವಾ ಕೂದಲು ಸಿಲುಕಬಹುದು, ಬೆಂಕಿ ಕಾಣಿಸಿಕೊಳ್ಳಬಹುದು. ಅಂತಹ ಸಂದರ್ಭದಲ್ಲಿ ಅಪಾಯಕಾರಿ ಚಲನೆಯನ್ನೆಲ್ಲ ನಿಲ್ಲಿಸುವುದು ಇದರ ಕರ್ತವ್ಯ. ಇದು ಮನುಷ್ಯನನ್ನು ರಕ್ಷಿಸುತ್ತದೆ.

ಆದುದರಿಂದ ಮಿತಿ ಸ್ವಿಚ್ ನಿಯಂತ್ರಕಕ್ಕೆ ವರದಿ ಮಾಡಿದರೆ ಸಾಕಾಗುತ್ತದೆ. ತುರ್ತು ಗುಂಡಿಯು ನಿಯಂತ್ರಕದ ಒಪ್ಪಿಗೆಗೆ ಕಾಯದೆ ನೇರವಾಗಿ ವಿದ್ಯುತ್ ಪೂರೈಕೆಯನ್ನು ಕಡಿತಗೊಳಿಸತಕ್ಕದ್ದು.

4. ಮಿತಿ ಸ್ವಿಚ್‌ಗಳ ವಿಧಗಳು ಮತ್ತು ಅವುಗಳ ಸ್ಥಾನ

4.1 ಮೈಕ್ರೋ ಸ್ವಿಚ್: ಸಣ್ಣ ಲೋಹದ ಸನ್ನೆಯನ್ನು ಹೊಂದಿರುವ ಈ ಸ್ವಿಚ್ ಅಗ್ಗವಾಗಿದ್ದು ಎಲ್ಲೆಡೆ ದೊರೆಯುತ್ತದೆ. ಇದಕ್ಕೆ ಪ್ರತ್ಯೇಕ ವಿದ್ಯುತ್ ಪೂರೈಕೆ ಬೇಕಿಲ್ಲ. ಆರಂಭಿಕರಿಗೆ ಇದು ಸೂಕ್ತವಾಗಿರುತ್ತದೆ. ಸನ್ನೆಯೊಳಗೆ ಮರದ ಪುಡಿ ಸೇರದಂತೆ ಎಚ್ಚರ ವಹಿಸಬೇಕು.

4.2 ಪ್ರಾಕ್ಸಿಮಿಟಿ ಸಂವೇದಕ: ಇದು ಲೋಹವನ್ನು ಮುಟ್ಟದೆಯೇ ಗುರುತಿಸುತ್ತದೆ. ಮರದ ಪುಡಿ ಇದರ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಆದರೆ ಲೋಹದ ಚೂರುಗಳು ಅಂಟಿಕೊಂಡಲ್ಲಿ ತಪ್ಪು ಸೂಚನೆ ಬರಬಹುದು. ಇವು ಸಾಮಾನ್ಯವಾಗಿ 12 ಅಥವಾ 24 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ. 5 ವೋಲ್ಟಿನ ನಿಯಂತ್ರಕಕ್ಕೆ ನೇರವಾಗಿ ಜೋಡಿಸಿದಲ್ಲಿ ನಿಯಂತ್ರಕವು ಹಾಳಾಗುವ ಸಂಭವವಿರುವುದರಿಂದ, ನಡುವೆ ಆಪ್ಟೋ ಐಸೊಲೇಟರ್ ಅಳವಡಿಸುವುದು ಕ್ಷೇಮಕರ.

4.3 ಬೆಳಕಿನ ಸಂವೇದಕ: ಇದು ನಿಖರವಾಗಿದ್ದರೂ ಮರದ ಪುಡಿ ಕವಿದಾಗ ಕೆಡುತ್ತದೆ. ಮರಗೆಲಸದ ಯಂತ್ರಗಳಿಗೆ ಇದನ್ನು ಸಲಹೆ ಮಾಡಲಾಗುವುದಿಲ್ಲ.

ಸ್ವಿಚ್‌ಗಳನ್ನು ಅಳವಡಿಸುವಾಗ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

(ಅ) ಸ್ವಿಚ್ ಅನ್ನೇ ತಡೆಗೋಡೆಯಾಗಿ ಬಳಸಬಾರದು. ಅದು ಕಾರ್ಯ ಮಾಡಿದ ನಂತರವೂ ಚಲಿಸುವ ಭಾಗಕ್ಕೆ ಕೆಲವು ಮಿ.ಮೀ. ಅವಕಾಶವಿದ್ದು, ಅದರ ಆಚೆಗೆ ರಬ್ಬರಿನ ಅಥವಾ ಲೋಹದ ಗಟ್ಟಿಯಾದ ತಡೆ ಇರಬೇಕು.
(ಆ) ಚಲಿಸುವ ಭಾಗವು ಸನ್ನೆಗೆ ಎದುರಿನಿಂದ ಗುದ್ದುವ ಬದಲು, ಇಳಿಜಾರಾದ ಪಟ್ಟಿಯ ಮೂಲಕ ಪಕ್ಕದಿಂದ ಒತ್ತಿಕೊಂಡು ಹಾದುಹೋಗುವಂತೆ ಅಳವಡಿಸಿದಲ್ಲಿ ಸ್ವಿಚ್ ಮುರಿಯುವುದಿಲ್ಲ.
(ಇ) ವೇಗ ಹೆಚ್ಚಿದಂತೆ ನಿಲ್ಲಲು ಬೇಕಾಗುವ ದೂರ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ನಿಮಿಷಕ್ಕೆ 3000 ಮಿ.ಮೀ. ವೇಗದಲ್ಲಿ ಸಾಗುವ ಅಕ್ಷವನ್ನು ಸೆಕೆಂಡಿನ ವರ್ಗಕ್ಕೆ 200 ಮಿ.ಮೀ. ದರದಲ್ಲಿ ನಿಧಾನಗೊಳಿಸಿದರೆ ನಿಲ್ಲಲು 6 ಮಿ.ಮೀ.ಗಿಂತ ಹೆಚ್ಚು ದೂರ ಬೇಕಾಗುತ್ತದೆ. ವೇಗವನ್ನು ಇಮ್ಮಡಿಗೊಳಿಸಿದರೆ ಇದು ನಾಲ್ಕು ಪಟ್ಟು, ಅಂದರೆ 25 ಮಿ.ಮೀ. ಆಗುತ್ತದೆ.
(ಈ) ಝಡ್ ಅಕ್ಷದ ಹೋಮಿಂಗ್ ಸ್ವಿಚ್ ಮೇಲ್ತುದಿಯಲ್ಲಿರಬೇಕು. ಹೋಮಿಂಗ್ ವೇಳೆಯಲ್ಲಿ ಮೊದಲು ಬಿಟ್ ಮೇಲೇರಿ, ಅನಂತರವೇ ಉಳಿದ ಅಕ್ಷಗಳು ಚಲಿಸಿದರೆ ಮರದ ತುಂಡಿಗೂ ಹಿಡಿಕೆಗಳಿಗೂ ಬಿಟ್ ತಾಗುವುದಿಲ್ಲ.

5. ತಂತಿ ಜೋಡಣೆ

5.1 ಎನ್‌ಸಿ ಸಂಪರ್ಕದ ಮಹತ್ವ

ಮೈಕ್ರೋ ಸ್ವಿಚ್‌ನಲ್ಲಿ ಮೂರು ತುದಿಗಳಿರುತ್ತವೆ: ಸಾಮಾನ್ಯ ತುದಿ, ಎನ್‌ಓ ಮತ್ತು ಎನ್‌ಸಿ. ಎನ್‌ಓ ಎಂದರೆ ಒತ್ತದಿರುವಾಗ ತೆರೆದಿರುವ ಸಂಪರ್ಕ. ಎನ್‌ಸಿ ಎಂದರೆ ಒತ್ತದಿರುವಾಗ ಮುಚ್ಚಿರುವ ಸಂಪರ್ಕ. ಎರಡರಲ್ಲಿಯೂ ಸ್ವಿಚ್ ಕೆಲಸ ಮಾಡುತ್ತದೆ. ಆದರೆ ತಂತಿ ತುಂಡಾದಾಗ ವ್ಯತ್ಯಾಸ ತಿಳಿಯುತ್ತದೆ.

ಎನ್‌ಓ ಸಂಪರ್ಕದಲ್ಲಿ ತಂತಿ ತುಂಡಾದರೆ, ಬೆಸುಗೆ ಬಿಟ್ಟರೆ ಅಥವಾ ಇಲಿ ಕಡಿದರೆ ನಿಯಂತ್ರಕಕ್ಕೆ ಯಾವ ಸೂಚನೆಯೂ ದೊರೆಯುವುದಿಲ್ಲ. ಸ್ವಿಚ್ ಒತ್ತಲ್ಪಡದೆ ಇರುವ ಸ್ಥಿತಿಗೂ ತಂತಿ ಇಲ್ಲದಿರುವ ಸ್ಥಿತಿಗೂ ನಿಯಂತ್ರಕಕ್ಕೆ ಭೇದ ತಿಳಿಯದು. ಎನ್‌ಸಿ ಸಂಪರ್ಕದಲ್ಲಿ ಮಂಡಲವು ಸದಾ ಮುಚ್ಚಿರುವುದರಿಂದ, ತಂತಿ ತುಂಡಾದ ಕ್ಷಣವೇ ಸ್ವಿಚ್ ಒತ್ತಿದಂತೆಯೇ ಯಂತ್ರ ನಿಲ್ಲುತ್ತದೆ. ದೋಷವು ಕೆಲಸವನ್ನು ನಿಲ್ಲಿಸುವ ಮೂಲಕ ತನ್ನನ್ನು ತಾನೇ ಪ್ರಕಟಪಡಿಸುತ್ತದೆ. ಆದುದರಿಂದ ಎಲ್ಲ ಮಿತಿ ಸ್ವಿಚ್‌ಗಳನ್ನು ಎನ್‌ಸಿ ಆಗಿಯೇ ಜೋಡಿಸತಕ್ಕದ್ದು. ಒಂದೇ ಅಕ್ಷದ ಎರಡು ತುದಿಗಳ ಸ್ವಿಚ್‌ಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಬಹುದು. ಹಾಗೆ ಮಾಡಿದಾಗ ಯಾವ ತುದಿಯ ಸ್ವಿಚ್ ಕಾರ್ಯ ಮಾಡಿತೆಂಬುದು ನಿಯಂತ್ರಕಕ್ಕೆ ತಿಳಿಯುವುದಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

5.2 ಸುಳ್ಳು ಸೂಚನೆಗಳ ನಿವಾರಣೆ

ಮೋಟಾರು ಮತ್ತು ಸ್ಪಿಂಡಲ್ ತಂತಿಗಳಿಂದ ಹೊಮ್ಮುವ ವಿದ್ಯುತ್ ಗದ್ದಲವು ಸ್ವಿಚ್ ತಂತಿಗಳಲ್ಲಿ ಸೇರಿ, ಯಾರೂ ಒತ್ತದಿದ್ದರೂ ಯಂತ್ರವು ನಿಲ್ಲುವುದುಂಟು. ಇದರಿಂದ ಬೇಸತ್ತು ಅನೇಕರು ಮಿತಿ ಸ್ವಿಚ್‌ಗಳನ್ನೇ ನಿಷ್ಕ್ರಿಯಗೊಳಿಸುತ್ತಾರೆ. ಇದು ಸರಿಯಾದ ಪರಿಹಾರವಲ್ಲ. ಅದಕ್ಕೆ ಬದಲಾಗಿ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು:

(ಅ) ಸ್ವಿಚ್ ತಂತಿಗಳನ್ನು ಮೋಟಾರು ಹಾಗೂ ಸ್ಪಿಂಡಲ್ ತಂತಿಗಳಿಂದ ದೂರವಾಗಿ ಸಾಗಿಸುವುದು. ಅಡ್ಡ ಹಾಯಲೇಬೇಕಾದಲ್ಲಿ ಲಂಬ ಕೋನದಲ್ಲಿ ಹಾಯಿಸುವುದು.
(ಆ) ಲೋಹದ ಹೊದಿಕೆಯುಳ್ಳ ತಂತಿಯನ್ನು ಬಳಸಿ, ಹೊದಿಕೆಯನ್ನು ನಿಯಂತ್ರಕದ ಕಡೆಯ ತುದಿಯಲ್ಲಿ ಮಾತ್ರ ಗ್ರೌಂಡ್‌ಗೆ ಜೋಡಿಸುವುದು.
(ಇ) ನಿಯಂತ್ರಕದ ಒಳಗಿನ ದುರ್ಬಲ ಪುಲ್‌ಅಪ್ ರೋಧಕವನ್ನು ನೆಚ್ಚಿಕೊಳ್ಳದೆ, ಹೊರಗೆ 4.7 ಕಿಲೋ ಓಮ್ ಪುಲ್‌ಅಪ್ ರೋಧಕವನ್ನೂ, ಪಿನ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಅನ್ನೂ ಅಳವಡಿಸುವುದು. ಇವೆರಡರಿಂದ ಉಂಟಾಗುವ ವಿಳಂಬವು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ನಿಮಿಷಕ್ಕೆ 1000 ಮಿ.ಮೀ. ವೇಗದಲ್ಲಿ ಅಷ್ಟು ಹೊತ್ತಿನಲ್ಲಿ ಯಂತ್ರವು 0.01 ಮಿ.ಮೀ.ನಷ್ಟು ಮಾತ್ರ ಚಲಿಸುತ್ತದೆ.

6. ನಿಯಂತ್ರಕದ ಹೊಂದಿಕೆ

ಉದಾಹರಣೆಗಾಗಿ, ಹವ್ಯಾಸಿ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶವನ್ನು ಇಲ್ಲಿ ತೆಗೆದುಕೊಳ್ಳಲಾಗಿದೆ. 2009ರಲ್ಲಿ ಆರಂಭಗೊಂಡ ಈ ತಂತ್ರಾಂಶವು ಆರ್ಡುಯಿನೋ ಯೂನೋದಂತಹ ಸಣ್ಣ ಫಲಕದ ಮೇಲೆ ಕೆಲಸ ಮಾಡುತ್ತದೆ. 300 × 180 ಮಿ.ಮೀ. ಕಾರ್ಯಕ್ಷೇತ್ರವುಳ್ಳ '3018' ಎಂಬ ಹೆಸರಿನ ಸಣ್ಣ ಯಂತ್ರಗಳಲ್ಲಿಯೂ ಸಾಮಾನ್ಯವಾಗಿ ಇದೇ ಇರುತ್ತದೆ. ಕೆಳಗಿನ ಸಂಖ್ಯೆಗಳು 1.1ನೇ ಆವೃತ್ತಿಗೆ ಸಂಬಂಧಿಸಿರುತ್ತವೆ.

ಹೊಂದಿಕೆಯನ್ನು ಈ ಕೆಳಗಿನ ಅನುಕ್ರಮದಲ್ಲಿ ಮಾಡುವುದು ಸೂಕ್ತ:

(1) $5=1 : ಎನ್‌ಸಿ ಸ್ವಿಚ್‌ಗಳಿಗಾಗಿ ಸೂಚನೆಯ ಅರ್ಥವನ್ನು ತಿರುಗಿಸುವುದು. ಇದು ಮೂರು ಅಕ್ಷಗಳಿಗೂ ಒಟ್ಟಾಗಿ ಅನ್ವಯಿಸುತ್ತದೆ. ಆದುದರಿಂದ ಒಂದು ಅಕ್ಷಕ್ಕೆ ಎನ್‌ಸಿ, ಇನ್ನೊಂದಕ್ಕೆ ಎನ್‌ಓ ಎಂದು ಬೆರೆಸಬಾರದು.

(2) ಸ್ವಿಚ್‌ಗಳ ಸ್ಥಿತಿ ಪರಿಶೀಲನೆ: '?' ಚಿಹ್ನೆಯನ್ನು ಕಳುಹಿಸಿದಾಗ ಬರುವ ವರದಿಯಲ್ಲಿ ಕಾರ್ಯ ಮಾಡಿದ ಸ್ವಿಚ್‌ನ ಅಕ್ಷದ ಹೆಸರು ಕಾಣುತ್ತದೆ. ಪ್ರತಿಯೊಂದು ಸ್ವಿಚ್ ಅನ್ನೂ ಬೆರಳಿನಿಂದ ಒತ್ತಿ, ಸರಿಯಾದ ಅಕ್ಷದ ಹೆಸರೇ ಬರುವುದನ್ನು ಖಚಿತಪಡಿಸಿಕೊಳ್ಳಬೇಕು. ಹಳೆಯ ಜೋಡಣಾ ಫಲಕಗಳಲ್ಲಿ ಝಡ್ ಮಿತಿ ಸ್ವಿಚ್‌ಗೆಂದು ಮುದ್ರಿತವಾಗಿರುವ ಜಾಗವು 11ನೇ ಪಿನ್‌ಗೆ ಹೋಗುತ್ತದೆ. 1.1ನೇ ಆವೃತ್ತಿಯಲ್ಲಿ ಆ ಪಿನ್ ಸ್ಪಿಂಡಲ್ ವೇಗಕ್ಕೆ ಮೀಸಲಾಗಿದ್ದು, ಝಡ್ ಸ್ವಿಚ್ 12ನೇ ಪಿನ್‌ಗೆ ಸೇರಬೇಕಾಗುತ್ತದೆ. ಝಡ್ ಸ್ವಿಚ್ ಕೆಲಸ ಮಾಡುತ್ತಿಲ್ಲವೆಂಬ ದೂರಿಗೆ ಅನೇಕ ಬಾರಿ ಇದೇ ಕಾರಣವಾಗಿರುತ್ತದೆ.

(3) $22=1 : ಹೋಮಿಂಗ್ ಅನ್ನು ಸಕ್ರಿಯಗೊಳಿಸುವುದು. $23 ರಲ್ಲಿ ದಿಕ್ಕನ್ನು, $24 ರಲ್ಲಿ ನಿಧಾನ ವೇಗವನ್ನು, $25 ರಲ್ಲಿ ಹುಡುಕಾಟದ ವೇಗವನ್ನು, $27 ರಲ್ಲಿ ಸ್ವಿಚ್‌ನಿಂದ ಹಿಂದೆ ಸರಿಯಬೇಕಾದ ದೂರವನ್ನು ನಮೂದಿಸಬೇಕು. ಮೊದಲ ಬಾರಿಗೆ ಹೋಮಿಂಗ್ ಮಾಡುವಾಗ ವೇಗವನ್ನು ಕಡಿಮೆ ಇಟ್ಟು, ವಿದ್ಯುತ್ ಸ್ವಿಚ್‌ನ ಬಳಿ ಕೈಯಿರಿಸಿಕೊಳ್ಳಬೇಕು. ಅಕ್ಷವು ವಿರುದ್ಧ ದಿಕ್ಕಿಗೆ ಹೊರಟಲ್ಲಿ ತಕ್ಷಣ ನಿಲ್ಲಿಸಬೇಕು.

(4) $130, $131, $132 : ಮೂರು ಅಕ್ಷಗಳ ನಿಜವಾದ ಚಲನಾ ದೂರವನ್ನು ಅಳೆದು ನಮೂದಿಸುವುದು.

(5) $20=1 : ತಂತ್ರಾಂಶ ಮಿತಿ. ಎಲ್ಲೆ ಮೀರುವ ಆದೇಶವನ್ನು ನಿಯಂತ್ರಕವು ಮುಂಚಿತವಾಗಿಯೇ ತಡೆಯುತ್ತದೆ. ಹೋಮಿಂಗ್ ಆಗದೆ ಇದಕ್ಕೆ ಅರ್ಥವಿಲ್ಲ, ಏಕೆಂದರೆ ಮೂಲಸ್ಥಾನ ತಿಳಿಯದೆ ಎಲ್ಲೆಯನ್ನು ಲೆಕ್ಕ ಹಾಕಲಾಗದು.

(6) $21=1 : ಮಿತಿ ಸ್ವಿಚ್ ಕಾರ್ಯ ಮಾಡಿದೊಡನೆ ಯಂತ್ರವನ್ನು ನಿಲ್ಲಿಸುವುದು. ಇದನ್ನು ಸಕ್ರಿಯಗೊಳಿಸದಿದ್ದಲ್ಲಿ ಸ್ವಿಚ್‌ಗಳು ಹೋಮಿಂಗ್‌ಗೆ ಮಾತ್ರ ಬಳಕೆಯಾಗುತ್ತವೆ. ಕೆಲಸದ ನಡುವೆ ಯಾವ ರಕ್ಷಣೆಯೂ ಇರುವುದಿಲ್ಲ.

ಹೀಗೆ ತಂತ್ರಾಂಶ ಮಿತಿ, ಮಿತಿ ಸ್ವಿಚ್ ಮತ್ತು ಗಟ್ಟಿ ತಡೆ ಎಂಬ ಮೂರು ಸುತ್ತಿನ ಕಾವಲು ಏರ್ಪಡುತ್ತದೆ. ಮಿತಿ ಸ್ವಿಚ್ ಕಾರ್ಯ ಮಾಡಿದಾಗ ಪಲ್ಸ್‌ಗಳು ಒಮ್ಮೆಲೇ ನಿಲ್ಲುವುದರಿಂದ ಯಂತ್ರದ ಸ್ಥಾನವನ್ನು ನಂಬಲಾಗದು. ಎಚ್ಚರಿಕೆಯನ್ನು ತೆರವುಗೊಳಿಸಿ ಅರ್ಧಕ್ಕೆ ನಿಂತ ಕೆಲಸವನ್ನು ಹಾಗೆಯೇ ಮುಂದುವರಿಸದೆ, ಮತ್ತೊಮ್ಮೆ ಹೋಮಿಂಗ್ ಮಾಡತಕ್ಕದ್ದು.

7. ತುರ್ತು ನಿಲುಗಡೆ ವ್ಯವಸ್ಥೆ

7.1 ಗುಂಡಿಯ ಆಯ್ಕೆ

ತುರ್ತು ನಿಲುಗಡೆಯ ವಿನ್ಯಾಸಕ್ಕೆ ಐಎಸ್‌ಓ 13850 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಗುಂಡಿಯು ಕೆಂಪು ಬಣ್ಣದ್ದಾಗಿದ್ದು, ಅದರ ಹಿನ್ನೆಲೆಯು ಹಳದಿಯಾಗಿರಬೇಕು. ಒತ್ತಿದ ನಂತರ ಅದು ಒಳಗೇ ಸಿಕ್ಕಿಕೊಂಡಿದ್ದು, ಉದ್ದೇಶಪೂರ್ವಕವಾಗಿ ತಿರುಗಿಸಿದಾಗ ಅಥವಾ ಎಳೆದಾಗ ಮಾತ್ರ ಹೊರಬರಬೇಕು. ಗುಂಡಿ ಹೊರಬಂದ ಮಾತ್ರಕ್ಕೆ ಯಂತ್ರವು ತಾನಾಗಿ ಪ್ರಾರಂಭವಾಗಬಾರದು.

ಸಂಪರ್ಕವು ಎನ್‌ಸಿ ಆಗಿದ್ದು, 'ನೇರ ತೆರೆಯುವಿಕೆ' ಗುಣವನ್ನು ಹೊಂದಿರಬೇಕು. ಅಂದರೆ ಸಂಪರ್ಕಗಳು ಒಂದಕ್ಕೊಂದು ಬೆಸೆದುಕೊಂಡಿದ್ದರೂ ಗುಂಡಿಯನ್ನು ಒತ್ತುವ ಕೈಬಲವೇ ಅವುಗಳನ್ನು ಬೇರ್ಪಡಿಸುವಂತಿರಬೇಕು. ವೃತ್ತದೊಳಗೆ ಬಾಣದ ಗುರುತು ಇರುವ ಸಂಪರ್ಕಗಳು ಈ ಗುಣವನ್ನು ಹೊಂದಿರುತ್ತವೆ. ಕೊಳ್ಳುವಾಗ ಈ ಗುರುತನ್ನು ನೋಡಿಕೊಳ್ಳಬೇಕು.

7.2 ಗುಂಡಿಯು ಯಾವುದನ್ನು ಕಡಿತಗೊಳಿಸಬೇಕು

ಇದು ಅತ್ಯಂತ ಮುಖ್ಯವಾದ ಪ್ರಶ್ನೆ. ಅನೇಕ ಹವ್ಯಾಸಿ ಯಂತ್ರಗಳಲ್ಲಿ ತುರ್ತು ಗುಂಡಿಯನ್ನು ನಿಯಂತ್ರಕದ ರೀಸೆಟ್ ಪಿನ್‌ಗೆ ಮಾತ್ರ ಜೋಡಿಸಲಾಗಿರುತ್ತದೆ. ಅದನ್ನು ಒತ್ತಿದಾಗ ಅಕ್ಷಗಳು ನಿಲ್ಲುತ್ತವೆ. ಆದರೆ ಸ್ಪಿಂಡಲ್ ಆಗಿ ಬಳಸಿದ ಟ್ರಿಮ್ಮರ್ ಗೋಡೆಯ ಪ್ಲಗ್‌ನಿಂದ ನೇರವಾಗಿ ವಿದ್ಯುತ್ ಪಡೆಯುತ್ತಿದ್ದಲ್ಲಿ ಅದು ತಿರುಗುತ್ತಲೇ ಇರುತ್ತದೆ. ಎಲ್ಲಕ್ಕಿಂತ ಹೆಚ್ಚು ಗಾಯ ಮಾಡಬಲ್ಲ ಭಾಗವೇ ನಿಲ್ಲದೆ ಉಳಿಯುತ್ತದೆ. ಅಲ್ಲದೆ, ನಿಂತ ಜಾಗದಲ್ಲಿಯೇ ಬಿಟ್ ತಿಕ್ಕುತ್ತಿದ್ದು ಮರ ಸುಟ್ಟು ಹೊಗೆಯಾಡುವುದೂ ಉಂಟು.

ಆದುದರಿಂದ ತುರ್ತು ಗುಂಡಿಯು (ಅ) ಸ್ಪಿಂಡಲ್ ಅಥವಾ ಟ್ರಿಮ್ಮರ್‌ನ ವಿದ್ಯುತ್, (ಆ) ಅಕ್ಷಗಳ ಮೋಟಾರುಗಳ ವಿದ್ಯುತ್, (ಇ) ಲೇಸರ್ ಇದ್ದಲ್ಲಿ ಅದರ ವಿದ್ಯುತ್, ಇವುಗಳನ್ನು ಏಕಕಾಲದಲ್ಲಿ ಕಡಿತಗೊಳಿಸುವಂತಿರಬೇಕು.

7.3 ಕಾಂಟ್ಯಾಕ್ಟರ್ ಮೂಲಕ ಜೋಡಣೆ

ಸ್ಪಿಂಡಲ್‌ನ ಪೂರ್ಣ ವಿದ್ಯುತ್ತನ್ನು ಗುಂಡಿಯ ಮೂಲಕ ಹಾಯಿಸುವ ಬದಲು ಕಾಂಟ್ಯಾಕ್ಟರ್ ಬಳಸಬೇಕು. ಇದರ ತತ್ವವು ನಮ್ಮ ರೈತರಿಗೆ ಚಿರಪರಿಚಿತವಾದ ಪಂಪ್‌ಸೆಟ್ ಸ್ಟಾರ್ಟರ್‌ನದ್ದೇ ಆಗಿದೆ. ಹಸಿರು ಗುಂಡಿ ಒತ್ತಿದಾಗ ಕಾಂಟ್ಯಾಕ್ಟರ್ ಎಳೆದುಕೊಂಡು, ತನ್ನದೇ ಸಹಾಯಕ ಸಂಪರ್ಕದ ಮೂಲಕ ತನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ಗುಂಡಿ ಒತ್ತಿದಾಗ ಅಥವಾ ಕರೆಂಟ್ ಹೋದಾಗ ಬಿಟ್ಟುಬಿಡುತ್ತದೆ. ಕರೆಂಟ್ ಮರಳಿ ಬಂದರೂ, ಆಟೋ ಸ್ಟಾರ್ಟರ್ ಇಲ್ಲದಿದ್ದಲ್ಲಿ, ಹಸಿರು ಗುಂಡಿಯನ್ನು ಮತ್ತೆ ಒತ್ತುವವರೆಗೆ ಮೋಟಾರು ತಿರುಗುವುದಿಲ್ಲ.

ಸಿಎನ್‌ಸಿ ಯಂತ್ರಕ್ಕೆ ಇದೇ ಗುಣ ಬೇಕಾಗಿದೆ. ಟ್ರಿಮ್ಮರ್‌ನ ಸ್ವಿಚ್ ಸಾಮಾನ್ಯವಾಗಿ ಒತ್ತಿದ ಸ್ಥಿತಿಯಲ್ಲಿಯೇ ಇರುತ್ತದೆ. ವಿದ್ಯುತ್ ವ್ಯತ್ಯಯದ ವೇಳೆಯಲ್ಲಿ ಬಿಟ್ ಬದಲಿಸಲು ಕೈ ಹಾಕಿದವರಿಗೆ, ಕರೆಂಟ್ ಮರಳಿ ಬಂದ ಕ್ಷಣ ಏನಾಗುವುದೆಂಬುದನ್ನು ವಿವರಿಸಬೇಕಿಲ್ಲ.

ಜೋಡಣೆಯ ಅನುಕ್ರಮವು ಹೀಗಿರುತ್ತದೆ: 24 ವೋಲ್ಟ್ ಪೂರೈಕೆಯಿಂದ ಹೊರಟ ತಂತಿಯು ಮೊದಲು ತುರ್ತು ಗುಂಡಿಯ ಎನ್‌ಸಿ ಸಂಪರ್ಕ, ಅನಂತರ ಸಾಮಾನ್ಯ ನಿಲುಗಡೆ ಗುಂಡಿಯ ಎನ್‌ಸಿ ಸಂಪರ್ಕ, ಅನಂತರ ಚಾಲನಾ ಗುಂಡಿಯ ಎನ್‌ಓ ಸಂಪರ್ಕವನ್ನು ಹಾದು ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಸೇರುತ್ತದೆ. ಚಾಲನಾ ಗುಂಡಿಗೆ ಸಮಾಂತರವಾಗಿ ಕಾಂಟ್ಯಾಕ್ಟರ್‌ನ ಸಹಾಯಕ ಎನ್‌ಓ ಸಂಪರ್ಕವನ್ನು ಜೋಡಿಸಲಾಗುತ್ತದೆ. ಕಾಂಟ್ಯಾಕ್ಟರ್‌ನ ಮುಖ್ಯ ಸಂಪರ್ಕಗಳು ಸ್ಪಿಂಡಲ್‌ಗೂ ಮೋಟಾರುಗಳ ಪವರ್ ಸಪ್ಲೈಗೂ ವಿದ್ಯುತ್ ನೀಡುತ್ತವೆ. ತುರ್ತು ಗುಂಡಿಗೆ ಎರಡನೆಯದಾಗಿ ಒಂದು ಎನ್‌ಓ ಸಂಪರ್ಕವನ್ನು ಸೇರಿಸಿ ಅದನ್ನು ನಿಯಂತ್ರಕದ ರೀಸೆಟ್ ಪಿನ್‌ಗೆ ನೀಡಬಹುದು. ವಿದ್ಯುತ್ ಕಡಿತವಾದುದು ನಿಯಂತ್ರಕಕ್ಕೂ ತಿಳಿದು, ಅದು ಕೆಲಸವನ್ನು ರದ್ದುಪಡಿಸುತ್ತದೆ. ಈ ಎರಡನೆಯ ತಂತಿ ತುಂಡಾದರೂ ವಿದ್ಯುತ್ ಕಡಿತಕ್ಕೆ ಅಡ್ಡಿಯಾಗುವುದಿಲ್ಲ.

7.4 ವಿಶೇಷ ಎಚ್ಚರಿಕೆಗಳು

(ಅ) 230 ವೋಲ್ಟ್ ಭಾಗದ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು. ಯಂತ್ರದ ಲೋಹದ ಚೌಕಟ್ಟಿಗೆ ಅರ್ಥಿಂಗ್ ಕಡ್ಡಾಯವಾಗಿ ಇರಬೇಕು.
(ಆ) ಸ್ಟೆಪ್ಪರ್ ಮೋಟಾರು ಮತ್ತು ಅದರ ಡ್ರೈವರ್ ನಡುವಿನ ತಂತಿಗಳನ್ನು ವಿದ್ಯುತ್ ಹರಿಯುತ್ತಿರುವಾಗ ಬೇರ್ಪಡಿಸಿದರೆ ಡ್ರೈವರ್ ಸುಟ್ಟುಹೋಗಬಹುದು. ಕಡಿತವು ಡ್ರೈವರ್‌ನ ಪೂರೈಕೆಯ ಕಡೆಯಲ್ಲಿರಬೇಕು.
(ಇ) ವಿಎಫ್‌ಡಿ ಮೂಲಕ ನಡೆಯುವ ಸ್ಪಿಂಡಲ್ ಇದ್ದಲ್ಲಿ, ವಿಎಫ್‌ಡಿ ಮತ್ತು ಸ್ಪಿಂಡಲ್ ನಡುವೆ ಕಾಂಟ್ಯಾಕ್ಟರ್ ಹಾಕಬಾರದು. ವಿಎಫ್‌ಡಿಯ ಕೈಪಿಡಿಯಲ್ಲಿ ಸೂಚಿಸಿರುವ ತುರ್ತು ನಿಲುಗಡೆ ಇನ್‌ಪುಟ್ ಅನ್ನು ಬಳಸಬೇಕು. ವಿದ್ಯುತ್ತನ್ನು ಮಾತ್ರ ಕಡಿತಗೊಳಿಸಿದರೆ ಭಾರವಾದ ಸ್ಪಿಂಡಲ್ ಬಹಳ ಹೊತ್ತು ತಿರುಗುತ್ತಲೇ ಇರಬಹುದು. ವಿಎಫ್‌ಡಿಯು ಅದನ್ನು ತಡೆದು ಬೇಗ ನಿಲ್ಲಿಸಬಲ್ಲದು.
(ಈ) ವಿದ್ಯುತ್ ಕಡಿತವಾದಾಗ ಝಡ್ ಅಕ್ಷವು ತನ್ನ ಭಾರದಿಂದ ಕೆಳಗಿಳಿಯುವುದೇ ಎಂಬುದನ್ನು ಪರೀಕ್ಷಿಸಬೇಕು. ಇಳಿಯುವುದಾದಲ್ಲಿ ಸ್ಪ್ರಿಂಗ್, ಪ್ರತಿಭಾರ ಅಥವಾ ಬ್ರೇಕ್ ಅಳವಡಿಸಬೇಕು.
(ಉ) ಅಗ್ಗದ ಸಣ್ಣ ರಿಲೇ ಫಲಕಗಳನ್ನು ಸ್ಪಿಂಡಲ್‌ನ ತುರ್ತು ಕಡಿತಕ್ಕೆ ಬಳಸಬಾರದು. ಮೋಟಾರು ಆರಂಭವಾಗುವಾಗ ಹರಿಯುವ ಅಧಿಕ ವಿದ್ಯುತ್ತಿನಿಂದ ಅವುಗಳ ಸಂಪರ್ಕಗಳು ಬೆಸೆದುಕೊಳ್ಳುವ ಸಂಭವವಿರುತ್ತದೆ.

7.5 ಗುಂಡಿಯ ಸ್ಥಾನ

ತಿರುಗುತ್ತಿರುವ ಬಿಟ್ಟಿನ ಮೇಲಿಂದ ಕೈಚಾಚದೆ ಮುಟ್ಟಬಹುದಾದ ಜಾಗದಲ್ಲಿ ಗುಂಡಿ ಇರಬೇಕು. ಐಎಸ್‌ಓ 13850 ಮಾನಕದಂತೆ ಬಳಕೆದಾರರು ನಿಲ್ಲುವ ನೆಲದಿಂದ 0.6 ಮೀಟರ್‌ನಿಂದ 1.7 ಮೀಟರ್ ಎತ್ತರದೊಳಗೆ ಅಳವಡಿಸಬೇಕು. ಒಂದು ಕೈ ಸಿಲುಕಿದ್ದರೂ ಇನ್ನೊಂದು ಕೈಯಿಂದ ಒತ್ತಲು ಸಾಧ್ಯವೇ ಎಂಬುದನ್ನು ಎಡಗೈ, ಬಲಗೈ ಎರಡರಿಂದಲೂ ಪರೀಕ್ಷಿಸಿ ನೋಡಬೇಕು. ಮನೆಯವರೆಲ್ಲರಿಗೂ, ಮಕ್ಕಳಿಗೂ ಸಹ, ಈ ಗುಂಡಿಯನ್ನು ತೋರಿಸಿ ಯಾವಾಗ ಒತ್ತಬೇಕೆಂಬುದನ್ನು ತಿಳಿಸಿಕೊಡಬೇಕು.

8. ಪರೀಕ್ಷಾ ವಿಧಾನ

ಅಳವಡಿಕೆಯ ನಂತರ, ಬಿಟ್ ತೆಗೆದು, ಮೇಜಿನ ಮೇಲೆ ಯಾವ ವಸ್ತುವನ್ನೂ ಇರಿಸದೆ ಈ ಕೆಳಗಿನ ಪರೀಕ್ಷೆಗಳನ್ನು ನಡೆಸತಕ್ಕದ್ದು:

(1) ಅಕ್ಷವು ನಿಧಾನವಾಗಿ ಚಲಿಸುತ್ತಿರುವಾಗ ಅದರ ಮಿತಿ ಸ್ವಿಚ್ ಅನ್ನು ಮರದ ಕಡ್ಡಿಯಿಂದ ಒತ್ತಬೇಕು. ಚಲನೆ ಕೂಡಲೇ ನಿಲ್ಲಬೇಕು.
(2) ಮಿತಿ ಸ್ವಿಚ್‌ನ ಒಂದು ತಂತಿಯನ್ನು ಕಳಚಬೇಕು. ಯಂತ್ರವು ಎಚ್ಚರಿಕೆ ತೋರಿಸಿ ಚಲಿಸಲು ನಿರಾಕರಿಸಬೇಕು.
(3) ಸ್ಪಿಂಡಲ್ ಹಾಗೂ ಅಕ್ಷಗಳು ಚಾಲನೆಯಲ್ಲಿರುವಾಗ ತುರ್ತು ಗುಂಡಿಯನ್ನು ಒತ್ತಬೇಕು. ಎರಡೂ ನಿಲ್ಲಬೇಕು. ಸ್ಪಿಂಡಲ್ ಪೂರ್ಣವಾಗಿ ನಿಲ್ಲಲು ತೆಗೆದುಕೊಳ್ಳುವ ಸೆಕೆಂಡುಗಳನ್ನು ಬರೆದಿಟ್ಟುಕೊಳ್ಳಬೇಕು.
(4) ನಿಯಂತ್ರಕ ಮತ್ತು ಗಣಕಯಂತ್ರದ ನಡುವಿನ ಯುಎಸ್‌ಬಿ ತಂತಿಯನ್ನು ಕಳಚಿ, ತುರ್ತು ಗುಂಡಿಯು ಸ್ಪಿಂಡಲ್ ಅನ್ನು ಆಗಲೂ ನಿಲ್ಲಿಸುವುದನ್ನು ಖಚಿತಪಡಿಸಿಕೊಳ್ಳಬೇಕು.
(5) ತುರ್ತು ಗುಂಡಿಯನ್ನು ಹೊರಕ್ಕೆ ಬಿಡಿಸಬೇಕು. ಯಾವ ಭಾಗವೂ ತಾನಾಗಿ ಚಲಿಸಬಾರದು.
(6) ಚಾಲನೆಯ ನಡುವೆ ಕೋಣೆಯ ವಿದ್ಯುತ್ತನ್ನು ಮುಖ್ಯ ಸ್ವಿಚ್‌ನಲ್ಲಿ ಆರಿಸಿ ಮತ್ತೆ ನೀಡಬೇಕು. ಸ್ಪಿಂಡಲ್ ಪ್ರಾರಂಭವಾಗಬಾರದು.

ತುರ್ತು ಗುಂಡಿಯ ಪರೀಕ್ಷೆಯನ್ನು ತಿಂಗಳಿಗೊಮ್ಮೆಯಾದರೂ ಪುನರಾವರ್ತಿಸಬೇಕು. ಗುಂಡಿಯ ಹಿಂಬದಿಯಲ್ಲಿರುವ ಸಂಪರ್ಕದ ಭಾಗವು ಕಂಪನದಿಂದ ಸಡಿಲಗೊಂಡು ಕಳಚಿ ಬಿದ್ದಲ್ಲಿ, ಎನ್‌ಸಿ ಸಂಪರ್ಕವು ಮುಚ್ಚಿಯೇ ಇರುವುದರಿಂದ ಯಂತ್ರವು ಎಂದಿನಂತೆ ನಡೆಯುತ್ತಿರುತ್ತದೆ. ಗುಂಡಿ ಮಾತ್ರ ನಿಷ್ಪ್ರಯೋಜಕವಾಗಿರುತ್ತದೆ. ಎನ್‌ಸಿ ಜೋಡಣೆಯೂ ತಾನಾಗಿ ಪತ್ತೆ ಹಚ್ಚಲಾರದ ದೋಷವಿದು. ಒತ್ತಿ ನೋಡಿದಾಗ ಮಾತ್ರ ತಿಳಿಯುತ್ತದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಣಕಯಂತ್ರದ ಪರದೆಯ ಮೇಲೆ ನಿಲುಗಡೆ ಗುಂಡಿ ಇರುವಾಗ ಪ್ರತ್ಯೇಕ ಗುಂಡಿ ಏಕೆ ಬೇಕು?
ಉತ್ತರ: ಪರದೆಯ ಗುಂಡಿಯು ಗಣಕಯಂತ್ರ, ಯುಎಸ್‌ಬಿ ತಂತಿ ಮತ್ತು ನಿಯಂತ್ರಕ ಈ ಮೂರೂ ಸರಿಯಾಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಅಪಾಯದ ಕ್ಷಣದಲ್ಲಿ ಮೌಸ್ ಹಿಡಿದು ಗುರಿ ಇಡುವುದೂ ಸಾಧ್ಯವಾಗದು.

ಪ್ರಶ್ನೆ: ದಿನನಿತ್ಯ ಯಂತ್ರವನ್ನು ಆರಿಸಲು ತುರ್ತು ಗುಂಡಿಯನ್ನೇ ಬಳಸಬಹುದೇ?
ಉತ್ತರ: ಬಳಸಬಾರದು. ಅದಕ್ಕೆ ಸಾಮಾನ್ಯ ನಿಲುಗಡೆ ಗುಂಡಿ ಇರುತ್ತದೆ. ತುರ್ತು ಗುಂಡಿಯು ಸವೆಯದೆ, ಬೇಕಾದಾಗ ಕೈಗೆ ದೊರೆಯುವಂತಿರಬೇಕು.

ಪ್ರಶ್ನೆ: ತುರ್ತು ಗುಂಡಿಯನ್ನು ಒತ್ತಿ ಬಿಟ್ ಬದಲಿಸಬಹುದೇ?
ಉತ್ತರ: ಬದಲಿಸಬಾರದು. ಗುಂಡಿಯನ್ನು ಯಾರಾದರೂ ಬಿಡಿಸುವ ಸಾಧ್ಯತೆ ಇರುತ್ತದೆ. ಸ್ಪಿಂಡಲ್‌ನ ಪ್ಲಗ್ ಅನ್ನು ಕಳಚಿ, ಅದು ಕಣ್ಣಿಗೆ ಕಾಣುವಂತೆ ಇರಿಸಿಕೊಂಡು ಬಿಟ್ ಬದಲಿಸಬೇಕು.

ಪ್ರಶ್ನೆ: ಒಂದು ಅಕ್ಷಕ್ಕೆ ಸದ್ಯ ಸ್ವಿಚ್ ಅಳವಡಿಸಿಲ್ಲ. $5=1 ಮಾಡಿದೊಡನೆ ಎಚ್ಚರಿಕೆ ಬರುತ್ತಿದೆ. ಏಕೆ?
ಉತ್ತರ: ಎನ್‌ಸಿ ಹೊಂದಿಕೆಯಲ್ಲಿ ತಂತಿ ಇಲ್ಲದ ಪಿನ್ ಸ್ವಿಚ್ ಒತ್ತಿದಂತೆ ಕಾಣುತ್ತದೆ. ಆ ಪಿನ್ ಅನ್ನು ಗ್ರೌಂಡ್‌ಗೆ ಜೋಡಿಸಿದರೆ ಎಚ್ಚರಿಕೆ ನಿಲ್ಲುತ್ತದೆ. ಆದರೆ ಆ ಅಕ್ಷಕ್ಕೆ ರಕ್ಷಣೆ ಇರುವುದಿಲ್ಲವಾದುದರಿಂದ ಆದಷ್ಟು ಬೇಗ ಸ್ವಿಚ್ ಅಳವಡಿಸಬೇಕು.

ಪ್ರಶ್ನೆ: ಈ ಎಲ್ಲವನ್ನೂ ಒಮ್ಮೆಲೇ ಮಾಡಲು ಸಾಧ್ಯವಾಗದಿದ್ದಲ್ಲಿ ಮೊದಲು ಯಾವುದನ್ನು ಮಾಡಬೇಕು?
ಉತ್ತರ: ಮೊದಲು ಸ್ಪಿಂಡಲ್ ಮತ್ತು ಮೋಟಾರುಗಳ ವಿದ್ಯುತ್ತನ್ನು ಕಡಿತಗೊಳಿಸುವ ತುರ್ತು ನಿಲುಗಡೆಯನ್ನು ಅಳವಡಿಸಬೇಕು. ಮಿತಿ ಸ್ವಿಚ್ ಇಲ್ಲದಿದ್ದಲ್ಲಿ ಹಾಳಾಗುವುದು ಬಹುಶಃ ಒಂದು ಬಿಟ್ ಅಥವಾ ಒಂದು ಮರದ ತುಂಡು. ಅವುಗಳನ್ನು ಮತ್ತೆ ಕೊಳ್ಳಬಹುದು.

10. ಮುಕ್ತಾಯ

ಮೇಲೆ ವಿವರಿಸಿದ ಸಾಧನಗಳು ಯಂತ್ರದ ಒಟ್ಟು ವೆಚ್ಚದಲ್ಲಿ ಸಣ್ಣ ಪಾಲು ಮಾತ್ರ. ಇವುಗಳನ್ನು ಯಂತ್ರದ ಚೌಕಟ್ಟು ಜೋಡಿಸುವ ಹಂತದಲ್ಲಿಯೇ ಅಳವಡಿಸಿದರೆ ತಂತಿಗಳಿಗೆ ಜಾಗ ಸುಲಭವಾಗಿ ದೊರೆಯುತ್ತದೆ. ತುರ್ತು ನಿಲುಗಡೆ ವ್ಯವಸ್ಥೆಯು ಕಣ್ಣಿನ ಕನ್ನಡಕ, ಕಿವಿಯ ರಕ್ಷಣೆ, ಧೂಳಿನ ಮುಖಗವಸು ಹಾಗೂ ಬಿಟ್ಟಿನ ಸುತ್ತಲಿನ ಮರೆಗೆ ಪರ್ಯಾಯವಲ್ಲ. ಅವೆಲ್ಲವೂ ವಿಫಲವಾದಾಗ ಉಳಿಯುವ ಕೊನೆಯ ಆಸರೆ ಮಾತ್ರ ಆಗಿರುತ್ತದೆ. ಸಡಿಲವಾದ ಉಡುಪು, ಕೈಗವಸು ಮತ್ತು ಬಿಚ್ಚಿದ ಕೂದಲಿನೊಂದಿಗೆ ತಿರುಗುವ ಯಂತ್ರದ ಬಳಿ ಹೋಗಬಾರದು. ಯಂತ್ರವು ಕೆಲಸ ಮಾಡುತ್ತಿರುವಾಗ ಕೋಣೆಯನ್ನು ಬಿಟ್ಟು ತೆರಳಬಾರದು, ಏಕೆಂದರೆ ಒತ್ತುವವರಿಲ್ಲದ ಗುಂಡಿಯಿಂದ ಪ್ರಯೋಜನವಿಲ್ಲ.

ಹವ್ಯಾಸಿಗಳು, ವಿದ್ಯಾರ್ಥಿಗಳು ಹಾಗೂ ತರಬೇತುದಾರರು ಯಂತ್ರವನ್ನು ಮೊದಲ ಬಾರಿಗೆ ಚಾಲನೆಗೊಳಿಸುವ ಮುನ್ನ 8ನೇ ಭಾಗದಲ್ಲಿ ಸೂಚಿಸಿರುವ ಆರು ಪರೀಕ್ಷೆಗಳನ್ನು ತಪ್ಪದೆ ನಡೆಸಿ, ದಿನಾಂಕ ಸಹಿತ ಫಲಿತಾಂಶವನ್ನು ಯಂತ್ರದ ಬಳಿಯೇ ಬರೆದಿಟ್ಟುಕೊಳ್ಳಲು ಕೋರಲಾಗಿದೆ.